ಜಿಪ್ಪಮ್ಮ ಸೂಜಿಗೆ ದಾರ ಪೋಣಿಸಿದ ವಿಡಿಯೋ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಕೋಳಿ ಕೆದರಿದ ಹಾಗಿದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಇನ್ನೂ ಕೆಟ್ಟಿದೆ. ಪದಗಳೂ ಅಷ್ಟೇ, ಇದ್ದಷ್ಟರಲ್ಲೇ ಬರೆಯುತ್ತೇನೆ. ನಾಲ್ಕು ಜನರ ಎದುರು ನಿಂತು ಮಾತಾಡಲು ನನಗೆ ಬರುವುದಿಲ್ಲ, ಅದಕ್ಕೇ ಈ ದಾರಿ. ಆ ವಿಡಿಯೋ ನೋಡಿ ಆ ಕ್ಲಿನಿಕ್ಕಿಗೆ ಹೊರಟವರು ಇದನ್ನು ಓದಬೇಕು. ನಾನು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಕಾಣದ್ದನ್ನು ಅಲ್ಲಿದ್ದವರಿಂದ ಕೇಳಿ, ಇಬ್ಬರ ಮಾತು ತಾಳೆಯಾದರೆ ಮಾತ್ರ ಬರೆದಿದ್ದೇನೆ. ಇದರಲ್ಲಿ ಬರುವವಳು ನನ್ನ ದೊಡ್ಡಮ್ಮ. ನಾನು ಅವಳ ಪಕ್ಷದವಳು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಅದನ್ನು ಲೆಕ್ಕಕ್ಕೆ ಹಿಡಿದೇ ಓದಿ. ಬೀದಿಯವರೆಲ್ಲ ಅವಳನ್ನು ಜಿಪ್ಪಮ್ಮ ಎನ್ನುತ್ತಾರೆ. ಇಲ್ಲಿಯೂ ಅದೇ ಹೆಸರು ಇರಲಿ.

ಬೀದಿಯ ಮೂಲೆಯಲ್ಲಿ ಒಂದು ಹಳೆಯ ಕಟ್ಟಡ, ಅದರ ಮೆಟ್ಟಿಲಿನ ಕೆಳಗೆ ಜಿಪ್ಪಮ್ಮನ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಗೆ, ನಿಜವಾಗಿ ಅದು ಮೆಟ್ಟಿಲು ಹತ್ತುವವರ ಪಾದದಡಿ ಉಳಿದ ಜಾಗ. ಮೇಲ್ಚಾವಣಿ ಬಾಗಿಲ ಕಡೆ ಎತ್ತರ, ಒಳಗೆ ಹೋದಂತೆ ಇಳಿಜಾರು. ಹೊಸ ಗಿರಾಕಿ ಬಂದರೆ ಮೊದಲು ನೆತ್ತಿ ಟಂಕ್ ಎನ್ನುತ್ತದೆ, ಆಮೇಲೆ ಮಾತು. "ತಲೆ ಜೋಪಾನ, ಅದನ್ನ ಹೊಲಿಯೋಕೆ ನನಗೆ ಬರಲ್ಲ" ಎಂದು ಅವಳು ಮಿಷನ್ನಿನಿಂದ ಕಣ್ಣೆತ್ತದೆ ಹೇಳುತ್ತಿದ್ದಳು.

ಹೊಸ ಬಟ್ಟೆ ಹೊಲಿಯುವುದನ್ನು ಅವಳು ಎಂದೋ ಬಿಟ್ಟಿದ್ದಳು. ಪ್ಯಾಂಟಿನ ಅಂಚು ಮಡಚುವುದು, ಸಮವಸ್ತ್ರದ ಸೊಂಟ ಬಿಚ್ಚಿ ಅಗಲ ಮಾಡುವುದು, ಹರಿದ ಚೀಲಕ್ಕೆ ಪಟ್ಟಿ ಹಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟ ಜಿಪ್ ಬದಲಿಸುವುದು. ಎಂಥ ಹಟಮಾರಿ ಜಿಪ್ಪಾದರೂ ಅವಳ ಕೈಗೆ ಬಂದರೆ ಸರಕ್ ಎಂದು ಜಾರುತ್ತಿತ್ತು. ಎದುರಿನ ಇಸ್ತ್ರಿ ಅಂಗಡಿಯವನು ದಿನಕ್ಕೊಮ್ಮೆಯಾದರೂ ಬಂದು ಕೆಣಕುವನು: "ಜಿಪ್ಪಮ್ಮ, ನಮ್ಮನೆಯವಳ ಬಾಯಿಗೂ ಒಂದು ಹಾಕ್ಕೊಡ್ತೀರಾ?"

"ಹಾಕ್ಕೊಡ್ತೀನಿ ಮಾರಾಯ. ಆದ್ರೆ ಎಳೆಯೋ ತುದಿ ಅವಳ ಕೈಲೇ ಇರತ್ತೆ. ಆಗ್ಬಹುದಾ?"

ಅವಳ ಇನ್ನೊಂದು ಕೈಚಳಕವನ್ನು ಇಲ್ಲಿ ವಿವರವಾಗಿ ಬರೆಯಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ಸೂಜಿಗೆ ದಾರ ಪೋಣಿಸುವಾಗ ಅವಳು ನೋಡುತ್ತಲೇ ಇರಲಿಲ್ಲ. ನಾವೆಲ್ಲ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಕಣ್ಣು ಕಿರಿದು ಮಾಡಿ, ರಂಧ್ರಕ್ಕೆ ಗುರಿ ಇಡುತ್ತೇವೆ. ಅವಳು ಹಾಗಲ್ಲ. ದಾರವನ್ನು ಹೆಬ್ಬೆರಳು ತೋರುಬೆರಳ ನಡುವೆ ಗಟ್ಟಿಯಾಗಿ ಚಿವುಟಿ ಹಿಡಿದು, ತುದಿ ಕಂಡೂ ಕಾಣದಷ್ಟು ಹೊರಗೆ ಬಿಟ್ಟು, ಅದರ ಮೇಲೆ ಸೂಜಿಯನ್ನೇ ತಂದು ಒತ್ತುವಳು. ಬೆರಳ ಸಂದಿಯಿಂದ ದಾರ ತಾನಾಗಿ ಮೇಲೆದ್ದು ರಂಧ್ರದೊಳಗೆ ಬರುತ್ತಿತ್ತು. ಹುಡುಗಿಯಾಗಿದ್ದಾಗ ಅವಳು ಕೆಲಸ ಕಲಿತ ಅಂಗಡಿಯಲ್ಲಿ ಇದ್ದದ್ದು ಒಂದೇ ದೀಪ, ಅದೂ ಮಾಲೀಕನ ತಲೆಯ ಮೇಲೆ. ಕಲಿಯುವ ಹುಡುಗಿಯರೆಲ್ಲ ಮೂಲೆಯ ಕತ್ತಲಲ್ಲಿ ಕೂತು ಬೆರಳಿನಿಂದಲೇ ಪೋಣಿಸಬೇಕಿತ್ತು. ಅಲ್ಲಿಂದ ಬಂದ ಅಭ್ಯಾಸ. ಗಿರಾಕಿಯೊಡನೆ ಮಾತಾಡುತ್ತ, ಬೀದಿ ನೋಡುತ್ತ, ಮನೆಯ ಯಜಮಾನರನ್ನು, ಅಂದರೆ ತನ್ನ ಗಂಡನನ್ನು, ಬೈಯುತ್ತ ಪೋಣಿಸಿಬಿಡುವಳು. ಅದು ವಿಶೇಷ ಎಂದು ಅವಳಿಗೇ ಗೊತ್ತಿರಲಿಲ್ಲ.

ಕಣ್ಣು ಕೆಡಲು ಶುರುವಾದದ್ದು ಕೆಲಸದಲ್ಲಿ ಗೊತ್ತಾಗಲಿಲ್ಲ, ದಾರಿಯಲ್ಲಿ ಗೊತ್ತಾಯಿತು. ಸಂಜೆಯಾದರೆ ಪಕ್ಕದಿಂದ ಬರುವ ಸ್ಕೂಟರು ಕಾಣುತ್ತಿರಲಿಲ್ಲ. ಮೇಜಿನ ಮೇಲಿಟ್ಟ ಕತ್ತರಿ ಎರಡು ಬೆರಳು ಸರಿದರೆ ಮಾಯ. "ಎದುರಿಗಿದ್ದದ್ದು ಕಾಣ್ತದೆ, ಪಕ್ಕದ್ದೆಲ್ಲ ಯಾರೋ ಕತ್ತರಿಸಿ ತೆಗೆದ ಹಾಗಿದೆ" ಎಂದಳು. ಯಜಮಾನರು ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಯಜಮಾನರು ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟು ನಡೆಸುತ್ತಿದ್ದವರು. ಜನ್ಮವಿಡೀ ಒಂದೇ ದನಿಯಲ್ಲಿ ಮಹಡಿಗಳ ಹೆಸರು ಕೂಗಿ ಕೂಗಿ, ನಿವೃತ್ತರಾದ ಮೇಲೂ ಅವರ ದನಿ ಏರಲಿಲ್ಲ, ಇಳಿಯಲಿಲ್ಲ. ಒಂದು ಮಹಡಿಯನ್ನೂ ಬಿಡುವಂತಿಲ್ಲ ಎಂಬ ಅಭ್ಯಾಸ ಓದಿಗೂ ಬಂದಿತ್ತು. ಔಷಧಿ ಚೀಟಿ ಓದಿದರೂ ತಲೆಬರಹದಿಂದ ಹಿಡಿದು ಕೊನೆಯಲ್ಲಿ ಮುದ್ರಿಸಿದವರ ವಿಳಾಸದವರೆಗೆ ಓದುವರು.

ಕಣ್ಣಿನ ಡಾಕ್ಟರು ವಯಸ್ಸಾದ ಹೆಂಗಸು. ಕೋಣೆಯ ಹೊರಗೆ ಉದ್ದ ಸಾಲಿದ್ದರೂ ಆತುರಪಡದೆ ನೋಡಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಗೆ ಒಣಗುತ್ತ ಬರುವ ಕಾಯಿಲೆ, ಹುಟ್ಟಿನಿಂದಲೇ ರಕ್ತದಲ್ಲಿ ಬಂದದ್ದು ಎಂದರು. ನಿಲ್ಲಿಸುವ ಔಷಧಿ ಸದ್ಯಕ್ಕಿಲ್ಲ. ನಿಧಾನವಾಗಿ ಹೋಗುತ್ತದೆ, ನಡುವಿನ ದೃಷ್ಟಿ ಇನ್ನೂ ಬಹಳ ವರ್ಷ ಉಳಿಯಬಹುದು.

"ಉಳಿಯಬಹುದು ಅಂದ್ರೆ? ಉಳಿಯತ್ತೋ ಇಲ್ವೋ?"

"ಗೊತ್ತಿಲ್ಲಮ್ಮ."

ಆ ಮಾತು ಜಿಪ್ಪಮ್ಮನಿಗೆ ಮುಳ್ಳಿನ ಹಾಗೆ ಚುಚ್ಚಿತು. ದಾರಿಯುದ್ದಕ್ಕೂ ಗೊಣಗಿದಳು: "ಇಷ್ಟು ಓದಿ ಗೊತ್ತಿಲ್ಲ ಅಂತಾರಲ್ಲ. ನಾನು ಗಿರಾಕಿಗೆ ಪ್ಯಾಂಟು ಸರಿಹೋಗತ್ತೋ ಇಲ್ವೋ ಗೊತ್ತಿಲ್ಲ ಅಂದ್ರೆ ಬಿಡ್ತಾರಾ?"

ಅವಳಿಗೊಬ್ಬ ತಮ್ಮ. ಒಳ್ಳೆಯವನು, ಅಕ್ಕನೆಂದರೆ ಪ್ರಾಣ. ಬೆಳಗ್ಗೆ ಎದ್ದೊಡನೆ ಫೋನಿಗೆ ಬಂದದ್ದನ್ನೆಲ್ಲ ನೂರು ಜನಕ್ಕೆ ದಾಟಿಸದಿದ್ದರೆ ಅವನಿಗೆ ಚಹಾ ಇಳಿಯುವುದಿಲ್ಲ, ಅದಕ್ಕೇ ಮನೆಯಲ್ಲಿ ಅವನಿಗೆ ಫಾರ್ವರ್ಡ್ ಎಂಬ ಹೆಸರು. ಅಕ್ಕನ ಸುದ್ದಿ ಕೇಳಿದ ವಾರದಲ್ಲೇ ಒಂದು ಚೀಲ ತುಂಬ ಕಾಗದ ತಂದು ಮೇಜಿನ ಮೇಲೆ ಸುರಿದ.

"ಅಕ್ಕಾ, ಸ್ಟೆಮ್ ಸೆಲ್! ನಮ್ಮ ಹೊಟ್ಟೆ ಕೊಬ್ಬಿಂದಲೇ ಜೀವಕೋಶ ತೆಗೀತಾರೆ. ಅದನ್ನ ಕಣ್ಣಿಗೆ ಹಾಕಿದ್ರೆ ಅದೇ ಹೊಸ ಪರದೆ ಆಗತ್ತೆ. ಈ ಊರಲ್ಲೇ ಮಾಡ್ತಾರೆ. ಪೇಪರಲ್ಲೇ ಬಂದಿದೆ ನೋಡು."

"ನಾನು ನೋಡೋ ಹಾಗಿದ್ರೆ ಇದೆಲ್ಲ ಯಾಕೋ ಬೇಕಿತ್ತು? ರೀ, ಓದ್ರಿ."

ಯಜಮಾನರು ಕನ್ನಡಕ ಹಾಕಿಕೊಂಡು ಪತ್ರಿಕೆಯ ಪುಟ ಹಿಡಿದರು. ಮೇಲಿನ ದಪ್ಪ ಅಕ್ಷರ ಓದಿದರು. ಕಾಂಡಕೋಶಗಳ (ಸ್ಟೆಮ್ ಸೆಲ್) ಪವಾಡ, ಕುರುಡುತನಕ್ಕೆ ವಿದಾಯ. ಕೆಳಗಿನದನ್ನು ಓದಿದರು. ಬಿಳಿ ಕೋಟು ತೊಟ್ಟು ನಗುತ್ತ ನಿಂತವರ ಹೆಸರು ಓದಿದರು. ತಮ್ಮ ಸಾಕು ಎಂದು ಕೈ ಚಾಚಿದರೂ ಕೊಡದೆ ಪುಟದ ಬುಡಕ್ಕೆ ಹೋಗಿ, ಅದೇ ದನಿಯಲ್ಲಿ, "ಇದು ಜಾಹೀರಾತುದಾರರು ಒದಗಿಸಿದ ಮಾಹಿತಿ. ಪತ್ರಿಕೆ ಇದಕ್ಕೆ ಹೊಣೆಯಲ್ಲ" ಎಂದು ಓದಿ ಪುಟ ಮಡಚಿದರು.

"ಅಯ್ಯೋ ಭಾವ, ಆ ಇರುವೆ ಅಕ್ಷರ ಎಲ್ಲ ಯಾರು ಓದ್ತಾರೆ?"

"ಬರೆದವರು ಯಾರೂ ಓದದೆ ಇರ್ಲಿ ಅಂತ್ಲೇ ಬರೆದಿದ್ದಾರೆ. ನನಗೆ ಬಿಡೋಕಾಗಲ್ಲ."

ಇನ್ನೊಂದು, ಪರಭಾಷೆಯ ಸಂಶೋಧನಾ ಲೇಖನದ ಪ್ರಿಂಟು. ಅದು ಇಬ್ಬರಿಗೂ ಅರ್ಥವಾಗಲಿಲ್ಲ. ಜಿಪ್ಪಮ್ಮ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮತ್ತೆ ಡಾಕ್ಟರ ಸಾಲಿನಲ್ಲಿ ನಿಂತಳು. ತಮ್ಮನೂ ಜೊತೆಗೆ ಬಂದ. ಡಾಕ್ಟರು ಲೇಖನವನ್ನು ಹಿಂದಿನಿಂದ ಓದಲು ಶುರುಮಾಡಿದರು.

"ಇದನ್ನ ಬರೆದವರು ಆ ಕ್ಲಿನಿಕ್ಕಿನ ಮಾಲೀಕರೇ. ಕೊನೇಲಿ ಅವರೇ ಹಾಕ್ಕೊಂಡಿದ್ದಾರೆ. ಅದು ತಪ್ಪಲ್ಲ, ಆದ್ರೆ ತಿಳ್ಕೊಂಡಿರಬೇಕು. ನೋಡಿ, ಇಷ್ಟೇ ಜನರ ಮೇಲೆ ಮಾಡಿದ್ದಾರೆ. ಚಿಕಿತ್ಸೆ ಕೊಡದೆ ಬಿಟ್ಟವರ ಜೊತೆ ಹೋಲಿಸಿ ನೋಡಿಲ್ಲ. ಹೇಗಿದೆ ಅಂತ ಕೇಳಿದ್ದು ತಿಂಗಳೊಳಗೆ. ಆಮೇಲೆ ಕೆಲವರು ಮತ್ತೆ ಬರ್ಲಿಲ್ಲ ಅಂತ ಒಂದು ಸಾಲಿದೆ. ಯಾಕೆ ಬರ್ಲಿಲ್ಲ? ವಾಸಿಯಾಗಿ ಬರ್ಲಿಲ್ವೋ, ಬರೋಕೆ ದಾರಿ ಕಾಣದೆ ಬರ್ಲಿಲ್ವೋ?"

ಜಿಪ್ಪಮ್ಮನಿಗೆ ತಟ್ಟನೆ ಅರ್ಥವಾಯಿತು. "ಒಗೆಯೋಕೆ ಮುಂಚೆ ಫೋಟೋ ತೆಗೆದ ಹಾಗೆ. ಒಂದು ಸಲ ನೀರಿಗೆ ಬೀಳೋವರೆಗೆ ಎಲ್ಲ ಬಟ್ಟೆನೂ ಮೈಗೆ ಕೂರತ್ತೆ" ಎಂದಳು.

"ನೀವು ಹೇಳಿದ್ದೇ ಸರಿ" ಎಂದು ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಹೇಳದಿದ್ದರೂ ನಡೆಯುತ್ತಿದ್ದ ಒಂದು ಮಾತು ಹೇಳಿದರು. "ನಮ್ಮ ಆಸ್ಪತ್ರೆಯಲ್ಲೂ ಸ್ಟೆಮ್ ಸೆಲ್ ಮೇಲೆ ಸಂಶೋಧನೆ ನಡೀತಿದೆ. ಅದರಲ್ಲಿ ನಾನೂ ಇದೀನಿ. ಹಾಗಾಗಿ ನಾನು ಪೂರ್ತಿ ಹೊರಗಿನವಳಲ್ಲ. ನನ್ನ ಮಾತನ್ನೂ ಸ್ವಲ್ಪ ತೂಗಿ ನೋಡಿ. ಮುಂದೊಂದು ದಿನ ಇದರಿಂದ ಒಳ್ಳೇದಾಗ್ಬಹುದು ಅಂತ ನನಗೂ ಆಸೆ ಇದೆ. ಆದ್ರೆ ಇವತ್ತು ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ."

ಹೊರಗೆ ಬಂದದ್ದೇ ತಡ, ತಮ್ಮ ಆ ಮಾತನ್ನೇ ಹಿಡಿದ. "ನೋಡಿದ್ಯಾ ಅಕ್ಕಾ, ಬಾಯಿ ಬಿಟ್ಟು ಒಪ್ಪಿಕೊಂಡ್ರು. ಅವರದ್ದೇ ಅಂಗಡಿ ಇದೆ, ಅದಕ್ಕೇ ಇನ್ನೊಬ್ಬರ ಅಂಗಡಿಗೆ ಕಲ್ಲು ಹಾಕ್ತಿದ್ದಾರೆ. ಆ ಕ್ಲಿನಿಕ್ಕಿನವರು ಇಂಥ ಮಾತು ಆಡಿದ್ದಾರಾ? ನೂರಕ್ಕೆ ನೂರು ಅಂತಾರೆ."

ತನ್ನ ಪಕ್ಷ ಯಾವುದೆಂದು ಬಾಯಿಬಿಟ್ಟು ಹೇಳಿದವರ ಮಾತು ಹಗುರವಾಯಿತು. ಹೇಳದವರ ಮಾತು ಬಂಗಾರವಾಯಿತು. ಜಿಪ್ಪಮ್ಮ ಡಾಕ್ಟರು ಹೇಳಿದ್ದನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದಳು. ಅರ್ಥ ಮಾಡಿಕೊಂಡೇ ಕ್ಲಿನಿಕ್ಕಿಗೆ ಹೋದಳು. ಯಾಕೆ ಎಂದು ಕೇಳಿದರೆ ಈಗಲೂ ಒಂದೇ ಉತ್ತರ: "ಅಲ್ಲಿ ಗೊತ್ತಿಲ್ಲ ಅಂದ್ರು. ಇಲ್ಲಿ ಬನ್ನಿ ಅಂದ್ರು."

ಕ್ಲಿನಿಕ್ಕಿನ ಕೋಣೆ ತಂಪಾಗಿತ್ತು. ಕುರ್ಚಿಗಳು ಮೆತ್ತಗಿದ್ದವು. ಒಬ್ಬ ಹುಡುಗಿ ಅವಳ ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದಳು, ಅಮ್ಮ ಅಮ್ಮ ಎನ್ನುತ್ತ. ಸರ್ಕಾರಿ ಆಸ್ಪತ್ರೆಯಲ್ಲಿ ಅವಳಿಗೆ ಯಾರೂ ಅಮ್ಮ ಎಂದಿರಲಿಲ್ಲ ಎಂದಲ್ಲ, ಆದರೆ ಕೈ ಹಿಡಿಯುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಹೊಟ್ಟೆಯಿಂದ ಕೊಬ್ಬು ತೆಗೆದರು, ಅದನ್ನು ಯಾವುದೋ ಯಂತ್ರದಲ್ಲಿ ತಿರುಗಿಸಿದರು, ಬಲಗಣ್ಣಿಗೆ ಚುಚ್ಚಿದರು. ಎಡಗಣ್ಣು ಮುಂದಿನ ಸಲ ಎಂದರು.

ಬ್ಯಾಂಡೇಜು ಬಿಚ್ಚಿದ ದಿನ ಕೋಣೆಯಲ್ಲಿ ಕ್ಯಾಮೆರಾ ಇತ್ತು. ಮುಖಕ್ಕೆ ಎದುರಾಗಿ ಎತ್ತರದ ಕಂಬದಲ್ಲಿ ದೊಡ್ಡ ದೀಪ ಇತ್ತು. ಆ ದೀಪದ ಸಂಗತಿ ಅವಳ ಜೊತೆ ಹೋಗಿದ್ದ ಯಜಮಾನರೂ ಹೇಳಿದ್ದಾರೆ, ತಮ್ಮನೂ ಹೇಳಿದ್ದಾನೆ. ಪಟ್ಟಿ ಬಿಚ್ಚಿದೊಡನೆ ಅವಳು, "ಅಬ್ಬಾ, ಎಷ್ಟು ಬೆಳಕು!" ಎಂದಳು. ದೀಪ ಎಂದು ಅವಳಿಗೆ ತಿಳಿಯಲಿಲ್ಲ.

ಕೈ ಹಿಡಿದಿದ್ದ ಹುಡುಗಿ ಕೇಳಿದಳು: "ಅಮ್ಮ, ನೀವು ಟೈಲರ್ ಅಲ್ವಾ? ಒಂದು ಸೂಜಿಗೆ ದಾರ ಪೋಣಿಸಿ ತೋರಿಸ್ತೀರಾ?"

ಸೂಜಿ, ಬಿಳಿ ದಾರ ಕೈಗೆ ಬಂತು. ಜಿಪ್ಪಮ್ಮ ದಾರ ಚಿವುಟಿದಳು, ಸೂಜಿ ಒತ್ತಿದಳು, ಎಳೆದಳು. ಎಲ್ಲರೂ ಚಪ್ಪಾಳೆ ಹೊಡೆದರು. ತಮ್ಮ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ಕೇಳಿ ಅವಳಿಗೂ ಅಳು ಬಂತು. ಯಾರಿಗೂ ಮೋಸ ಮಾಡುವ ಯೋಚನೆ ಆ ಗಳಿಗೆಯಲ್ಲಿ ಇರಲಿಲ್ಲ. ಕೇಳಿದ ಹುಡುಗಿಗೂ ಇರಲಿಲ್ಲವೇನೋ, ಅದು ನನಗೆ ಗೊತ್ತಿಲ್ಲ. ಇಷ್ಟೆಲ್ಲ ಜನ ಸಂತೋಷಪಡುವಾಗ, "ಇದನ್ನ ನಾನು ಕತ್ತಲಲ್ಲೂ ಮಾಡ್ತೀನಿ" ಎಂದು ಹೇಳುವುದು ಜಿಪ್ಪಮ್ಮನಿಗೆ ಹೊಳೆಯಲೇ ಇಲ್ಲ. ಪೋಣಿಸಿದ್ದು ಕಣ್ಣೋ ಬೆರಳೋ ಎಂದು ಅವಳೇ ಆ ಹೊತ್ತಿಗೆ ಮರೆತಿದ್ದಳು. ಯಜಮಾನರು ಮಾತ್ರ ಮೂಲೆಯಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು, ಕ್ಯಾಮೆರಾ ಹಿಡಿದವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದ.

ಕೆಲವು ವಾರ ಕಳೆದವು. ಬಲಗಣ್ಣಿನಲ್ಲಿ ಮೊದಲು ನೊಣಗಳು ಹಾರಾಡಿದವು, ಆಮೇಲೆ ಕರಿ ಪರದೆ ಇಳಿಯಿತು. ಒಂದು ಬೆಳಗ್ಗೆ ಎದ್ದಾಗ ಆ ಕಣ್ಣಿಗೆ ಹಗಲೂ ಇರಲಿಲ್ಲ. ಕ್ಲಿನಿಕ್ಕಿಗೆ ಫೋನು ಮಾಡಿದರೆ, "ಒಬ್ಬೊಬ್ಬರ ದೇಹ ಒಂದೊಂದು ಥರ ಅಮ್ಮ, ತಾಳ್ಮೆ ಇರಲಿ" ಎಂದರು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಆಗಲೇ ಹೇಳಿದ್ದೆ ಎಂದು ಅನ್ನಲಿಲ್ಲ. ಹಾಕಿದ ಜೀವಕೋಶಗಳು ಹೊಸ ಪರದೆ ಆಗಲಿಲ್ಲ, ಇದ್ದ ಪರದೆಯ ಮೇಲೆ ಪೊರೆಯ ಹಾಗೆ ಹರಡಿ, ಕುಗ್ಗಿ, ಅದನ್ನು ಎಳೆದು ಕಿತ್ತಿವೆ ಎಂದು ವಿವರಿಸಿದರು.

"ಒಳಗಿನ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಸೀಳಿದ ಹಾಗೆ" ಎಂದಳು ಜಿಪ್ಪಮ್ಮ.

"ಹೌದು."

"ಬಿಚ್ಚಿ ಮತ್ತೆ ಹೊಲಿಯೋಕಾಗಲ್ವಾ?"

ಡಾಕ್ಟರು ಪ್ರಯತ್ನ ಮಾಡಿದರು, ಆಗಲಿಲ್ಲ. ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಉಳಿದದ್ದು ಸೂಜಿಯ ರಂಧ್ರದಷ್ಟು ಜಗತ್ತು.

ವಿಡಿಯೋ ಉಳಿಯಿತು. ಅದನ್ನು ತೆಗೆಯಿರಿ ಎಂದು ಕೇಳಲು ಯಜಮಾನರು ಅವಳನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದರು. ಅದೇ ಹುಡುಗಿ, ಅದೇ ಮೆತ್ತನೆಯ ದನಿ. "ಅಮ್ಮ, ಆ ದಿನ ನೀವು ಪೋಣಿಸಿದ್ದು ನಿಜ ತಾನೇ? ನಾವೇನೂ ಸೇರಿಸಿಲ್ಲ, ಏನೂ ಕಳೆದಿಲ್ಲ. ನೀವೇ ಒಪ್ಪಿಗೆಗೆ ಸಹಿ ಹಾಕಿದೀರಿ."

"ಇವರನ್ನ ಹೊರಗೆ ಕೂರಿಸಿ ಸಹಿ ಹಾಕಿಸ್ಕೊಂಡ್ರಿ, ಏನಕ್ಕೆ ಹಾಕಿದೆ ಅಂತ ನನಗೆ ಕಾಣ್ತಾ ಇರ್ಲಿಲ್ಲಮ್ಮ. ಕಂಡಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ಹುಡುಗಿ ನೀರು ತಂದುಕೊಟ್ಟಳು. ಅಷ್ಟೇ.

ಆಮೇಲೆ ಜನ ಬರತೊಡಗಿದರು. ವಿಡಿಯೋದಲ್ಲಿ ಅಂಗಡಿಯ ಬೀದಿಯ ಹೆಸರು ಇತ್ತು. ಯಾರ್ಯಾರೋ, ಎಲ್ಲೆಲ್ಲಿಂದಲೋ, ನೆತ್ತಿ ಟಂಕ್ ಎನ್ನಿಸಿಕೊಂಡು ಒಳಗೆ ಬಂದು ಕೇಳುವರು: "ದಾರ ಪೋಣಿಸಿದ ಅಮ್ಮ ನೀವೇನಾ?" ಅವಳು ನಡೆದದ್ದನ್ನೆಲ್ಲ ಹೇಳುವಳು. ಕೇಳಿದವರ ಮುಖ ಅವಳಿಗೆ ಕಾಣುತ್ತಿರಲಿಲ್ಲ, ದನಿ ಬದಲಾಗುವುದು ಮಾತ್ರ ಕೇಳುತ್ತಿತ್ತು. ಬಂದಾಗ ಅಮ್ಮ ಎಂದವರು ಹೋಗುವಾಗ ಏನೂ ಅನ್ನದೆ ಹೋಗುವರು. ಒಬ್ಬಳು ಹೊರಗೆ ನಿಂತು ಗಂಡನಿಗೆ ಹೇಳಿದ್ದು ಕೇಳಿಸಿತು: "ಇವಳಿಗೆ ಬೇರೆ ಆಸ್ಪತ್ರೆಯವರು ಹೇಳಿಕೊಟ್ಟಿದ್ದಾರೆ. ಕಣ್ಣಾರೆ ನೋಡಿದ್ದು ಸುಳ್ಳಾಗತ್ತಾ?" ಇನ್ನೊಬ್ಬ ಮುಖದ ಮೇಲೆ ಹೊಡೆದ ಹಾಗೆ ಅಂದ: "ನಿಮಗೆ ಸಿಕ್ಕಿದ್ದು ಬೇರೆಯವರಿಗೆ ಸಿಗಬಾರದು ಅಂತ ಹೊಟ್ಟೆಕಿಚ್ಚು."

ಆ ದಿನ ಅವಳು ಯಜಮಾನರಿಗೆ ಹೇಳಿದಳು: "ರೀ, ಆ ವಿಡಿಯೋ ಸರಿಯಿಲ್ಲ ಅಂತ ನಾನೇ ಅಂದ್ರೂ ಜನ ನಂಬಲ್ಲ. ಆ ಫೋನೊಳಗಿನ ಜಿಪ್ಪಮ್ಮನೇ ನಿಜ, ಈ ಮಿಷನ್ ಮುಂದೆ ಕೂತಿರೋಳು ಸುಳ್ಳು."

ಹೀಗಿರುವಾಗ ಒಬ್ಬ ಪೇಂಟರು ಬಂದ, ಗೋಡೆಗೆ ಬಣ್ಣ ಬಳಿಯುವವನು. ಟರ್ಪೆಂಟೈನಿನ ವಾಸನೆಯಿಂದಲೇ ಅವಳಿಗೆ ಗೊತ್ತಾಯಿತು. ಅವನ ತಲೆ ತಾಗಿತು, ಜೊತೆಗಿದ್ದ ಮಗುವಿನದು ತಾಗಲಿಲ್ಲ, ಅದು ಅಷ್ಟು ಚಿಕ್ಕದು. ಹೆಣ್ಣುಮಗು, ಅಪ್ಪನ ಬಾಯಲ್ಲಿ ಪುಟ್ಟಿ. ಪುಟ್ಟಿಗೂ ಅದೇ ಕಾಯಿಲೆ, ಬೇಗ ಬಂದದ್ದು. ಹಗಲು ಎದುರಿಗಿದ್ದದ್ದು ಕಾಣುತ್ತದೆ, ಸಂಜೆ ಏನೂ ಇಲ್ಲ. ಮಗು ಮಿಷನ್ನಿನ ಕೆಳಗೆ ಕೂತು ಒಂದು ಬಟ್ಟೆಯ ಚೆಂಡು ಉರುಳಿಸುತ್ತಿತ್ತು. ಉರುಳಿದಾಗಲೆಲ್ಲ ಗಿಲ್ ಗಿಲ್ ಎನ್ನುತ್ತಿತ್ತು.

"ಒಳಗೆ ಗೆಜ್ಜೆ ಇಟ್ಟು ಅವಳಮ್ಮ ಮಾಡಿದ್ದು. ಕತ್ತಲಾದ್ಮೇಲೂ ಆಡ್ಲಿ ಅಂತ" ಎಂದ ಪೇಂಟರು. "ಹೊಲಿಗೆ ಬಿಟ್ಟಿದೆ, ಗೆಜ್ಜೆ ಬಿದ್ದು ಹೋಗತ್ತೆ. ಹಾಕ್ಕೊಡ್ತೀರಾ? ಅಂದ್ಹಾಗೆ ನಾನು ಬಂದಿದ್ದು ಅದಕ್ಕಲ್ಲ."

"ಯಾತಕ್ಕೆ ಬಂದೆ ಅಂತ ಗೊತ್ತಪ್ಪ. ಚೆಂಡು ಕೊಡು ಮೊದಲು."

ಹೊಲಿಯುತ್ತಲೇ ಅವಳು ಎಲ್ಲ ಹೇಳಿದಳು. ಪತ್ರಿಕೆಯ ಬುಡದ ಇರುವೆ ಅಕ್ಷರ, ಮತ್ತೆ ಬಾರದೆ ಹೋದವರ ಒಂದು ಸಾಲು, ದೊಡ್ಡ ದೀಪ, ಕಿತ್ತ ಪರದೆ. ಪೇಂಟರು ಮಧ್ಯೆ ಬಾಯಿ ಹಾಕದೆ ಕೇಳಿದ. ಇಷ್ಟು ಹೊತ್ತು ಯಾರೂ ಕೂತು ಕೇಳಿರಲಿಲ್ಲ. ಅವಳಿಗೆ ಆಸೆ ಹುಟ್ಟಿತು.

"ಆದ್ರೆ ಅಮ್ಮ, ದಾರ ಪೋಣಿಸಿದ್ದು?" ಎಂದ ಕೊನೆಗೆ.

"ರೀ, ಬಾಗಿಲು ಎಳೀರಿ. ದೀಪ ಆರಿಸ್ರಿ."

ಯಜಮಾನರು ಬಾಗಿಲು ಎಳೆದರು. ಮೆಟ್ಟಿಲ ಕೆಳಗೆ ಕಗ್ಗತ್ತಲಾಯಿತು. ಪುಟ್ಟಿ ಅಪ್ಪನ ಕಾಲು ಹಿಡಿದುಕೊಂಡಿತು. ಮತ್ತೆ ದೀಪ ಹಾಕಿದಾಗ ಜಿಪ್ಪಮ್ಮನ ಕೈಯಲ್ಲಿ ಸೂಜಿ, ಸೂಜಿಯಲ್ಲಿ ದಾರ. "ಇಷ್ಟೇ ಕಣಪ್ಪ ಪವಾಡ. ನನ್ನ ಕಣ್ಣು ನೆಟ್ಟಗಿದ್ದಾಗ್ಲೂ ಇದಕ್ಕೆ ಕಣ್ಣು ಬೇಕಿರ್ಲಿಲ್ಲ. ಇದನ್ನ ನೋಡಿ ಮಗು ಕಣ್ಣು ಕೊಡಬೇಡ."

ಪೇಂಟರು ಸೂಜಿ ಇಸಿದುಕೊಂಡು ದಾರ ಎಳೆದು ನೋಡಿದ. ಆಮೇಲೆ ಹೇಳಿದ: "ನಿಮಗೆ ವಯಸ್ಸಾಗಿತ್ತು ಅಮ್ಮ. ಇವಳದ್ದು ಎಳೇ ಜೀವಕೋಶ. ಮಕ್ಕಳಿಗೆ ಚೆನ್ನಾಗಿ ಹಿಡಿಯತ್ತಂತೆ."

"ಅಂತೆ ಅಂದವರು ಯಾರು?"

"ಕ್ಲಿನಿಕ್ಕಿನವರೇ."

"ಅವರನ್ನ ಬಿಟ್ಟು ಬೇರೆ ಯಾರಾದ್ರೂ?"

 ಜಿಪ್ಪಮ್ಮ ಡಾಕ್ಟರ ಹೆಸರು, ಅವರು ಕೂರುವ ವಾರ, ಕೋಣೆಗೆ ಹೋಗುವ ದಾರಿ ಎಲ್ಲ ಬಾಯಿಪಾಠದಂತೆ ಹೇಳಿದಳು. "ಒಂದು ಸಲ ಅವರ ಹತ್ರ ತೋರಿಸು. ಆಮೇಲೆ ನಿನ್ನಿಷ್ಟ."

"ತೋರಿಸಿದ್ದೆ. ಗೊತ್ತಿಲ್ಲ ಅಂದ್ರು." ಅವನ ದನಿ ಒಡೆಯಿತು. "ನಾನು ಅವಳಪ್ಪ ಅಲ್ವಾ, ಅಮ್ಮ. ಗೊತ್ತಿಲ್ಲ ಅಂದ್ರೆ ಮನೇಲಿ ಹೇಗೆ ಕೂತಿರ್ಲಿ? ಅವರು ಎರಡೂ ಕಣ್ಣಿಗೆ ಒಂದೇ ದಿನ ಮಾಡ್ತೀವಿ ಅಂದಿದ್ದಾರೆ."

"ಎರಡೂ?" ಅವಳು ಅವನ ತೋಳು ಹಿಡಿದಳು. "ಒಂದಾದ್ರೂ ಬಿಡಪ್ಪ. ನನ್ನ ಮಾತು ಪೂರ್ತಿ ಸುಳ್ಳು ಅಂತ್ಲೇ ಇಟ್ಕೋ, ಒಂದು ಕಣ್ಣು ಬಿಡು."

ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ. ಸಿಟ್ಟಿನಿಂದಲ್ಲ. ಚೆಂಡು ಎತ್ತಿ ಮಗುವಿಗೆ ಕೊಟ್ಟ. ಹೊಲಿಗೆ ಗಟ್ಟಿಯಾಗಿತ್ತು, ಗೆಜ್ಜೆ ಒಳಗೇ ಉಳಿದಿತ್ತು. ಬೀದಿಯ ಗದ್ದಲದಲ್ಲಿ ಆ ಗಿಲ್ ಗಿಲ್ ದೂರ ಹೋಗುವವರೆಗೆ ಅವಳು ಕೇಳುತ್ತ ಕೂತಿದ್ದಳು.

ಕೆಲವು ದಿನ ಅವನ ಫೋನಿಗೆ ಯಜಮಾನರಿಂದ ಕರೆ ಮಾಡಿಸಿದಳು. ಅವನು ಎತ್ತಲಿಲ್ಲ. ಒಂದು ಮಧ್ಯಾಹ್ನ ತಮ್ಮ ಓಡುತ್ತ ಬಂದ, ನೆತ್ತಿ ತಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ಅಕ್ಕಾ, ನೀನು ಬೇಡ ಬೇಡ ಅಂದ್ಯಲ್ಲ, ಆ ಪೇಂಟರ್ ಮಗುಗೆ ಕಣ್ಣು ಬಂದಿದೆ! ನಿಂಗೆ ಆಗದೆ ಇದ್ರೂ ಮಗುಗೆ ಆಯ್ತಲ್ಲ, ಅಷ್ಟು ಸಾಕು. ವಿಡಿಯೋ ಬಂದಿದೆ. ತಡಿ, ಹೇಳ್ತೀನಿ. ಮಗು ನೆಲದ ಮೇಲೆ ಕೂತಿದೆ. ಆ ಹುಡುಗಿ ಚೆಂಡು ಉರುಳಿಸ್ತಾಳೆ. ಮಗು ಟಕ್ ಅಂತ ಆ ಕಡೆ ತಿರುಗಿ, ಹೋಗಿ ಹಿಡ್ಕೊಳತ್ತೆ! ಅವರಪ್ಪ ಅಳ್ತಿದ್ದಾನೆ ಅಕ್ಕಾ."

"ಹಾಕು."

ಹಾಕಿದ. ಕೊನೆಯಲ್ಲಿ ಚಪ್ಪಾಳೆ, ಅದರ ಮೇಲೆ ವಾದ್ಯದ ಸದ್ದು. ತಮ್ಮನ ಕಣ್ಣು ಒದ್ದೆಯಾಗಿತ್ತು.

"ಇನ್ನೊಂದು ಸಲ ಹಾಕು. ಈಗ ನೀನೂ ಕಣ್ಣು ಮುಚ್ಚು."

"ಯಾಕೆ?"

"ಮುಚ್ಚೋ."

ತಮ್ಮ ಕಣ್ಣು ಮುಚ್ಚಿದ. ವಾದ್ಯದ ಸದ್ದು ಶುರುವಾಗುವ ಮೊದಲು, ಒಂದು ಉಸಿರೆಳೆಯುವಷ್ಟು ಹೊತ್ತು, ನೆಲದ ಮೇಲೆ ಏನೋ ಉರುಳಿತು. ಗಿಲ್ ಗಿಲ್ ಗಿಲ್. ಆಮೇಲೆ ಚಪ್ಪಾಳೆ.

ತಮ್ಮ ಕಣ್ಣು ತೆರೆಯಲಿಲ್ಲ. ಜಿಪ್ಪಮ್ಮ ತನ್ನ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. "ನಾನೇ ಹೊಲಿದು ಕೊಟ್ಟೆ" ಎಂದಳು. "ಬಿಚ್ಚಿ ಹೋಗ್ಬಾರದು ಅಂತ ಎರಡು ಸುತ್ತು ಹಾಕಿದೆ."

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಎಷ್ಟು ಜನಕ್ಕೆ ಕಳಿಸಿದೀಯ?"

ಅವನು ಫೋನನ್ನು ಮುಂದೆ ಚಾಚಿದ. ಯಜಮಾನರು ಅವನ ಕೈಯಿಂದ ಫೋನು ತೆಗೆದುಕೊಂಡು, ಕಳಿಸಿದ ಗುಂಪುಗಳ ಹೆಸರನ್ನು ಒಂದೊಂದಾಗಿ, ಒಂದನ್ನೂ ಬಿಡದೆ, ಮಹಡಿ ಕೂಗುವ ದನಿಯಲ್ಲಿ ಓದಿದರು.

ತಮ್ಮ ಆ ಎಲ್ಲ ಗುಂಪುಗಳಿಗೂ, ಅದು ಸರಿಯಲ್ಲ, ಚೆಂಡಿನಲ್ಲಿ ಗೆಜ್ಜೆ ಇದೆ, ಕೇಳಿ ನೋಡಿ ಎಂದು ಬರೆದ. ಒಬ್ಬರು ನಗುವ ಮುಖ ಹಾಕಿದರು. ಒಬ್ಬರು, ಒಳ್ಳೆಯ ಸುದ್ದಿ ಬಂದರೆ ನಿಮ್ಮಂಥವರಿಗೆ ತಡೆಯಲಾಗುವುದಿಲ್ಲ ಎಂದು ಬರೆದರು. ಉಳಿದವರು ಏನೂ ಬರೆಯಲಿಲ್ಲ. ವಿಡಿಯೋ ಮಾತ್ರ ಅದೇ ಸಂಜೆ ಬೇರೆ ದಾರಿಯಿಂದ ಅವನ ಫೋನಿಗೇ ಮತ್ತೆ ಬಂತು.

ಪುಟ್ಟಿಯ ಕಣ್ಣು ಈಗ ಹೇಗಿದೆ ಎಂದು ನಮಗೆ ಗೊತ್ತಿಲ್ಲ. ಪೇಂಟರು ಇನ್ನೂ ಫೋನು ಎತ್ತಿಲ್ಲ. ಸಂಗತಿ ಗೊತ್ತಾಗಲು ಕೆಲವು ವಾರ ಬೇಕು, ಅದು ಜಿಪ್ಪಮ್ಮನಿಗೆ ಚೆನ್ನಾಗಿ ಗೊತ್ತಿದೆ. ಬೀದಿಯಲ್ಲಿ ಎಲ್ಲಾದರೂ ಗೆಜ್ಜೆಯ ಸದ್ದಾದರೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸುತ್ತಾಳೆ.

ನಾಳೆ ಬೆಳಗ್ಗೆ ನಾನು ಇದರ ಜೆರಾಕ್ಸ್ ಮಾಡಿಸಿ, ಕ್ಲಿನಿಕ್ಕಿನ ಎದುರಿನ ಬಸ್ ನಿಲ್ದಾಣದಲ್ಲಿ ನಿಂತು, ಮಕ್ಕಳ ಕೈ ಹಿಡಿದು ಇಳಿಯುವವರಿಗೆ ಒಂದೊಂದು ಕೊಡುತ್ತೇನೆ.